ಪ್ರಾಗ್‌ನ ಪನೆಲಾಕ್‌ನಲ್ಲಿ ಮನೆ ರಿಪೇರಿ

ಪ್ರಾಗ್ ಅಂದ ಕೂಡಲೇ ಊರಿನವರಿಗೆ ಚಾರ್ಲ್ಸ್ ಸೇತುವೆ, ಗುಡ್ಡದ ಮೇಲಿನ ಕೋಟೆ, ಕೆಂಪು ಹೆಂಚಿನ ಮಾಡುಗಳು ನೆನಪಾಗುತ್ತವೆ. ವಿಡಿಯೊ ಕಾಲ್‌ನಲ್ಲಿ ನಮ್ಮ ಕಿಟಕಿಯಾಚೆ ಹನ್ನೆರಡು ಅಂತಸ್ತಿನ ಕಾಂಕ್ರೀಟ್ ಕಟ್ಟಡಗಳ ಸಾಲು ಕಂಡರೆ "ಇದೂ ಪ್ರಾಗಾ?" ಅಂತ ಕೇಳುತ್ತಾರೆ. ಹೌದು, ಇದೂ ಪ್ರಾಗೇ. ಚೆಕ್ ದೇಶದಲ್ಲಿ ಹೆಚ್ಚುಕಮ್ಮಿ ಮೂವರಲ್ಲಿ ಒಬ್ಬರು ಇಂಥ ಮನೆಯಲ್ಲಿದ್ದಾರೆ. ಕಮ್ಯುನಿಸ್ಟ್ ಆಡಳಿತದ ಕಾಲದಲ್ಲಿ ಫ್ಯಾಕ್ಟರಿಯಲ್ಲಿ ಎರಕ ಹೊಯ್ದ ಗೋಡೆ, ಚಾವಣಿಗಳನ್ನು ಲಾರಿಯಲ್ಲಿ ತಂದು, ಕ್ರೇನ್‌ನಿಂದ ಎತ್ತಿಟ್ಟು, ಬೆಸುಗೆ ಹಾಕಿ ಜೋಡಿಸಿದ ಕಟ್ಟಡಗಳಿವು. ಇಲ್ಲಿನವರು ಪನೆಲಾಕ್ ಅನ್ನುತ್ತಾರೆ. ನಾವು ಅಂಥದ್ದೊಂದರಲ್ಲಿ ಹಳೇ ಫ್ಲಾಟ್ ಕೊಂಡು, ಒಳಗೆಲ್ಲ ಒಡೆಸಿ ಕಟ್ಟಿಸಿ, ಅಲ್ಲೇ ಸಂಸಾರ ಮಾಡುತ್ತಿದ್ದೇವೆ.

ನಮ್ಮ ಬಡಾವಣೆಯ ಹೆಸರು ಯಿಝ್ನೀ ಮ್ನೆಸ್ತೊ, ದಕ್ಷಿಣ ಪಟ್ಟಣ ಅಂತ. ಸುಮಾರು 80,000 ಜನ ಇದ್ದಾರೆ. ದೇಶದಲ್ಲೇ ಇಷ್ಟು ದೊಡ್ಡ ಪನೆಲಾಕ್ ಬಡಾವಣೆ ಬೇರೆ ಇಲ್ಲ. 1970ರ ದಶಕದ ಮೊದಲಲ್ಲಿ ಕೆಲಸ ಶುರುವಾಯಿತು. ಮೆಟ್ರೊ ಬಂದಿದ್ದು 1980ರಲ್ಲಿ. ಕೊನೆಯ ನಿಲ್ದಾಣಕ್ಕೆ ಆಗ 'ಗಗನಯಾತ್ರಿಗಳು' ಅನ್ನುವ ಹೆಸರಿತ್ತು, 1990ರಲ್ಲಿ ಅದು ಹಾಯೆ ಆಯಿತು. ಹೆಸರು ಹೋದರೂ ಹೊರಗೆ ಇಬ್ಬರು ಗಗನಯಾತ್ರಿಗಳ ಪ್ರತಿಮೆ ಹಾಗೇ ಇದೆ. ಒಬ್ಬರು ರಷ್ಯಾದ ಗುಬಾರೆವ್, ಇನ್ನೊಬ್ಬರು 1978ರಲ್ಲಿ ಅವರ ಜೊತೆ ಹೋದ ಚೆಕೊಸ್ಲೊವಾಕಿಯಾದ ವ್ಲಾದಿಮೀರ್ ರೆಮೆಕ್. ಸೋವಿಯತ್ ಮತ್ತು ಅಮೆರಿಕ ಬಿಟ್ಟು ಬೇರೆ ದೇಶದಿಂದ ಬಾಹ್ಯಾಕಾಶಕ್ಕೆ ಹೋದ ಮೊದಲಿಗರು ರೆಮೆಕ್. ಮಕ್ಕಳು ಆ ಪ್ರತಿಮೆ ಹತ್ತಿರ ಸ್ಕೂಟರ್ ಓಡಿಸುತ್ತಾರೆ.

ಕೆಳಗಿನ ಮನೆಯ ಅಜ್ಜಿ ಕಟ್ಟಡ ಎದ್ದಾಗಿನಿಂದ ಇಲ್ಲೇ ಇದ್ದಾರೆ. ಕೈಗೂಸು ಎತ್ತಿಕೊಂಡು ಬಂದಾಗ ರಸ್ತೆಯೂ ಇರಲಿಲ್ಲ, ಅಂಗಡಿಯೂ ಇರಲಿಲ್ಲ, ಬರೀ ಕೆಸರು. ರಬ್ಬರ್ ಬೂಟು ಹಾಕಿಕೊಂಡು ಬಸ್ ಸ್ಟಾಪಿಗೆ ಹೋಗಿ, ಅಲ್ಲಿ ಚಪ್ಪಲಿ ಬದಲಾಯಿಸುತ್ತಿದ್ದರಂತೆ. ಆದರೂ ಆ ದಿನಗಳ ಮಾತು ಬಂದರೆ ಅವರ ಮುಖ ಅರಳುತ್ತದೆ. ಅದಕ್ಕೂ ಮುಂಚೆ ಅತ್ತೆ ಮಾವನ ಜೊತೆ ಒಂದೇ ಕೋಣೆಯಲ್ಲಿದ್ದರು. ಇಲ್ಲಿ ನಲ್ಲಿ ತಿರುಗಿಸಿದರೆ ಬಿಸಿ ನೀರು, ಚಳಿಗಾಲಕ್ಕೆ ಕಲ್ಲಿದ್ದಲು ಹೊರುವ ಕೆಲಸವೇ ಇಲ್ಲ. ಸಹಕಾರ ಸಂಘಕ್ಕೆ ಪಾಲು ಹಣ ಕಟ್ಟಿ, ಅದರ ಮೇಲೆ ಗಂಡ ಕಟ್ಟಡದ ಕೆಲಸಕ್ಕೆ ಇಂತಿಷ್ಟು ಗಂಟೆ ಮೈ ಬಗ್ಗಿಸಿ ಪಡೆದ ಮನೆ ಅದು. ಹೊರಗಿನಿಂದ ನೋಡಿ ಇವನ್ನು ಬೂದು ಡಬ್ಬಿ ಅನ್ನುವವರು ಅಜ್ಜಿಯ ಹತ್ತಿರ ಒಂದು ಗಂಟೆ ಕೂರಬೇಕು.

ಈ ದೇಶದ ಮೊದಲ ಪೂರ್ತಿ ಪನೆಲಾಕ್ ಎದ್ದಿದ್ದು 1950ರ ದಶಕದ ನಡುವೆ, ಜ್ಲೀನ್ ಪಟ್ಟಣದಲ್ಲಿ. ನಮಗೆಲ್ಲ ಗೊತ್ತಿರುವ ಬಾಟಾ ಶೂ ಹುಟ್ಟಿದ ಊರು ಅದು. ಬಾಟಾ ಕಾಲದಲ್ಲೇ ಅಲ್ಲಿ ಬೇಗ ಬೇಗ ಮನೆ ಕಟ್ಟುವ ಅಭ್ಯಾಸ ಬೆಳೆದಿತ್ತು. ಅಲ್ಲಿಂದ ಮುಂದೆ 1990ರ ದಶಕದ ಶುರುವರೆಗೆ ಹತ್ತಿರ ಹತ್ತಿರ 12 ಲಕ್ಷ ಫ್ಲಾಟ್‌ಗಳನ್ನು ಹೀಗೇ ಕಟ್ಟಿದರು. 1989ರಲ್ಲಿ ಆಡಳಿತ ಬಿದ್ದಾಗ ಇವನ್ನೆಲ್ಲ ಕೆಡವಬೇಕು ಅನ್ನುವ ಮಾತೂ ಬಂತು. ಅಧ್ಯಕ್ಷರಾದ ವಾತ್ಸ್ಲಾವ್ ಹಾವೆಲ್ ಇವನ್ನು ಮೊಲದ ಗೂಡು ಅಂತಲೇ ಕರೆದಿದ್ದರು. ಆದರೆ ಅಷ್ಟು ಜನ ಎಲ್ಲಿಗೆ ಹೋಗಬೇಕು? ಮನೆಗಳು ನಿಧಾನಕ್ಕೆ ವಾಸವಿದ್ದವರ ಹೆಸರಿಗೇ ಬಂದವು. ಅಲ್ಲಿಂದ ರಿಪೇರಿಯ ಕಾಲ ಶುರುವಾಯಿತು.

ನಮ್ಮ ಫ್ಲಾಟ್ ಮೂರು ಕೋಣೆ ಮತ್ತು ಒಂದು ಅಡುಗೆಮನೆಯದ್ದು, 70 ಚದರ ಮೀಟರ್. ಎತ್ತರ 2.6 ಮೀಟರ್ ಅಷ್ಟೇ, ಫ್ಯಾನ್ ಹಾಕಿದರೆ ತಲೆಗೆ ಹತ್ತಿರ. ಕೋಣೆಗಳಿಗೆಲ್ಲ ಒಳ್ಳೆ ಬೆಳಕಿದೆ. ತೊಂದರೆ ಇದ್ದಿದ್ದು ಮನೆಯ ಮಧ್ಯದಲ್ಲಿ. ಬಚ್ಚಲು, ಟಾಯ್ಲೆಟ್, ಅಡುಗೆಮನೆಯ ಹಿಂದಿನ ಗೋಡೆ, ಇಷ್ಟೂ ಸೇರಿದ ಭಾಗಕ್ಕೆ 'ಯಾದ್ರೊ' ಅನ್ನುತ್ತಾರೆ, ತಿರುಳು ಅಂತ. ಆ ಕಾಲದಲ್ಲಿ ಇದನ್ನೂ ಫ್ಯಾಕ್ಟರಿಯಲ್ಲೇ ತಯಾರು ಮಾಡಿ ತಂದು ಕೂರಿಸುತ್ತಿದ್ದರು. ಗೋಡೆಯೆಲ್ಲ ಉಮಾಕಾರ್ಟ್. ನಮ್ಮಲ್ಲಿ ಸನ್‌ಮೈಕಾ ಅಂತೀವಲ್ಲ, ಅದೇ ಜಾತಿಯ ಹಾಳೆ. ಬೆರಳ ಗೆಣ್ಣಿನಲ್ಲಿ ಕುಟ್ಟಿದರೆ ಟೊಳ್ಳು ಸದ್ದು. ಟಾಯ್ಲೆಟ್‌ನಲ್ಲಿ ಕೂತವರಿಗೆ ಅಡುಗೆಮನೆಯ ಮಾತೆಲ್ಲ ಕೇಳುತ್ತದೆ, ಆ ಕಡೆಯಿಂದ ಈ ಕಡೆಗೂ ಅಷ್ಟೇ. ಮೂಲೆಗಳಲ್ಲಿ ನೀರಿಳಿದು ಹಾಳೆ ಉಬ್ಬಿ, ಹಿಂದೆ ಕಪ್ಪು ಬೂಷ್ಟು ಹಿಡಿದಿತ್ತು.

ಒಡೆಯುವ ಮೊದಲು ಮಾಡಬೇಕಾದ ಒಂದು ಕೆಲಸವನ್ನು ಜೋರಾಗಿಯೇ ಹೇಳುತ್ತೇನೆ. ಹಳೇ ಯಾದ್ರೊಗಳ ಕೆಲವು ಮಾದರಿಗಳಲ್ಲಿ, ಅದರಲ್ಲೂ ಪೈಪುಗಳಿರುವ ಶಾಫ್ಟ್ ಪಕ್ಕದ ಹಲಗೆಗಳಲ್ಲಿ ಆಸ್ಬೆಸ್ಟಾಸ್ ಇರುತ್ತದೆ. ಅದರ ಧೂಳು ಶ್ವಾಸಕೋಶಕ್ಕೆ ಹೋದರೆ ಕ್ಯಾನ್ಸರ್ ಬರಬಹುದು. ಒಂದು ಚೂರು ಲ್ಯಾಬ್‌ಗೆ ಕೊಟ್ಟು ಪರೀಕ್ಷೆ ಮಾಡಿಸಬೇಕು. ಇದೆ ಅಂತ ಬಂದರೆ ಅದನ್ನು ತೆಗೆಯಲು ಪರವಾನಗಿ ಇರುವವರೇ ಬರಬೇಕು. ಅಗ್ಗಕ್ಕೆ ಸಿಕ್ಕಿದರು ಅಂತ ಯಾರ ಕೈಯಲ್ಲೋ ಸುತ್ತಿಗೆ ಕೊಡಬೇಡಿ. ನಮ್ಮ ಮನೆಯದ್ದರಲ್ಲಿ ಇರಲಿಲ್ಲ.

ಕೆಲಸಕ್ಕೆ ಬಂದವರು ಉಕ್ರೇನ್‌ನ ಇಬ್ಬರು ಅಣ್ಣ ತಮ್ಮಂದಿರು. ಬೆಳಗ್ಗೆ ಶುರು ಮಾಡಿ ಸಂಜೆಯೊಳಗೆ ಇಡೀ ಬಚ್ಚಲನ್ನು ಬಿಚ್ಚಿ ಚೀಲಕ್ಕೆ ತುಂಬಿದರು. ನಲವತ್ತು ವರ್ಷದ ಬಚ್ಚಲು ಸ್ಕ್ರೂ, ಹಾಳೆ, ತಗಡಿನ ಪಟ್ಟಿಗಳಾಗಿ ಬಾಗಿಲ ಹತ್ತಿರ ಒರಗಿ ನಿಂತಿತ್ತು. ಅದು ಹೋದ ಮೇಲೆ ಕಂಡಿದ್ದು ಶಾಫ್ಟ್. ಒಂದಾಳು ಅಡ್ಡಡ್ಡ ನಿಲ್ಲುವಷ್ಟು ಜಾಗ. ಅದರಲ್ಲಿ ದಪ್ಪ ಕೊಳಚೆ ಪೈಪು, ತಣ್ಣೀರು ಬಿಸಿನೀರಿನ ಪೈಪುಗಳು, ಮಾಸಿದ ತಗಡಿನ ಗಾಳಿಗೊಳವೆ. ಟಾರ್ಚ್ ಹಾಕಿದರೆ ಮೇಲಿನ ಮನೆಯವರು ಹೊಸ ಪ್ಲಾಸ್ಟಿಕ್ ಪೈಪನ್ನು ನಮ್ಮ ಹಳೇ ಪೈಪಿಗೆ ಸೇರಿಸಿದ ಜಾಗ ಕಾಣುತ್ತಿತ್ತು. ಕೆಳಗಿನಿಂದ ಅಜ್ಜಿಯ ರೇಡಿಯೊ ಸದ್ದು ಬರುತ್ತಿತ್ತು. ದುಡ್ಡು ಕೊಟ್ಟು ಕೊಂಡ ಮನೆಯಲ್ಲಿ ಯಾವುದು ನಮ್ಮದು, ಯಾವುದು ಎಲ್ಲರದ್ದು ಅನ್ನುವುದು ನನಗೆ ಸರಿಯಾಗಿ ಕಂಡಿದ್ದು ಅಲ್ಲಿ. ಕಾಂಕ್ರೀಟ್ ಗೋಡೆ, ನಿಂತ ಪೈಪು, ಗಾಳಿಗೊಳವೆ, ಕೋಣೆ ಬೆಚ್ಚಗಿಡುವ ರೇಡಿಯೇಟರಿಗೆ ಬರುವ ಬಿಸಿ ನೀರು, ಇವೆಲ್ಲ ಇಡೀ ಕಟ್ಟಡದವು. ಬಣ್ಣ, ನೆಲ, ಟೈಲ್ಸು ನಮ್ಮವು.

ಹಾಗಾಗಿ ಪ್ರತಿ ಕೆಲಸಕ್ಕೂ ಪಕ್ಕದವರ ಲೆಕ್ಕ ಬರುತ್ತದೆ. ಉಮಾಕಾರ್ಟ್ ಜಾಗಕ್ಕೆ ಇಟ್ಟಿಗೆ ಗೋಡೆ ಬೇಕು ಅಂದರೆ ಅಡಿಯ ನೆಲದ ಹಲಗೆ ಅಷ್ಟು ಭಾರ ಹೊರಬೇಕಲ್ವಾ? ಅದಕ್ಕೇ ಎಲ್ಲರೂ ಹಗುರವಾದ ಗಾಳಿ ತುಂಬಿದ ಕಾಂಕ್ರೀಟ್ ಬ್ಲಾಕ್ ಹಾಕುತ್ತಾರೆ. ಬೆಂಗಳೂರಲ್ಲಿ ಎಎಸಿ ಬ್ಲಾಕ್ ಅಂತ ಬರುತ್ತದಲ್ಲ, ಅದೇ. ಅಡುಗೆಮನೆಗೂ ಹಾಲ್‌ಗೂ ನಡುವಿನ ಕಾಂಕ್ರೀಟ್ ಗೋಡೆಯಲ್ಲಿ ಹೊಸ ಬಾಗಿಲು ಮಾಡಿಸಬೇಕಾದರೆ ಮೊದಲು ಸ್ಟ್ರಕ್ಚರಲ್ ಎಂಜಿನಿಯರ್ ಲೆಕ್ಕ ಹಾಕಿಕೊಡಬೇಕು. ಮಾಲೀಕರ ಸಂಘ ಒಪ್ಪಬೇಕು. ಕಟ್ಟಡ ಕಚೇರಿಯ ಅನುಮತಿ ಬೇಕು. ಆಮೇಲೆ ಡೈಮಂಡ್ ಗರಗಸದಲ್ಲಿ ಕೊಯ್ದು ಸುತ್ತ ಉಕ್ಕಿನ ಚೌಕಟ್ಟು ಕೂರಿಸುತ್ತಾರೆ. ಇದು ಅತಿಯಾಯಿತು ಅಂತ ನನಗೆ ಒಂದು ದಿನವೂ ಅನ್ನಿಸಿಲ್ಲ. ಆ ಗೋಡೆಯ ಮೇಲೆ ಇನ್ನೂ ಏಳು ಸಂಸಾರ ನಿಂತಿವೆ.

ವೈರಿಂಗ್ ಪೂರ್ತಿ ಬದಲಾಯಿಸಿದೆವು. ಆ ಕಾಲದ್ದೆಲ್ಲ ಅಲ್ಯುಮಿನಿಯಂ. ವರ್ಷ ಕಳೆದಂತೆ ಸ್ಕ್ರೂ ಕೆಳಗೆ ತಂತಿ ನಲುಗಿ ಸಡಿಲವಾಗುತ್ತದೆ, ಅಲ್ಲಿ ಬಿಸಿ ಏರುತ್ತದೆ. ಕಾಂಕ್ರೀಟ್‌ನಲ್ಲಿ ಕಾಲುವೆ ಕೊರೆಯುವ ಸದ್ದು ಇಡೀ ಕಟ್ಟಡಕ್ಕೆ ಕೇಳುತ್ತದೆ. ಅದಕ್ಕೆ ಇಲ್ಲೊಂದು ಪದ್ಧತಿ ಇದೆ. ಯಾವ ದಿನ, ಎಷ್ಟು ಹೊತ್ತು ಕೆಲಸ, ಯಾವ ಮನೆ ಅಂತ ಬರೆದು ಲಿಫ್ಟ್‌ನಲ್ಲಿ ಅಂಟಿಸಿ, ಕೆಳಗೆ ಕ್ಷಮೆ ಕೇಳಿ ಫೋನ್ ನಂಬರ್ ಹಾಕುತ್ತಾರೆ. ಭಾನುವಾರ ಡ್ರಿಲ್ ಮುಟ್ಟುವುದಿಲ್ಲ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಗಲಾಟೆ ಕೂಡದು. ದೋಸೆ ಹಿಟ್ಟಿನ ಗ್ರೈಂಡರನ್ನು ನಾವು ಸಂಜೆಯೇ ಹಾಕುತ್ತೇವೆ, ಅಡಿಗೆ ದಪ್ಪ ರಬ್ಬರ್ ಮ್ಯಾಟ್ ಇಟ್ಟು.

ಒಗ್ಗರಣೆಯ ವಿಷಯ ಕನ್ನಡದವರಿಗೆ ಹೇಳಲೇಬೇಕು. ಅಡುಗೆಮನೆಯ ಹೊಗೆ ಹೋಗುವುದು ಆ ಶಾಫ್ಟ್‌ನ ಗಾಳಿಗೊಳವೆಗೇ. ಅಲ್ಲಿಗೆ ಎಲ್ಲ ಮನೆಗಳ ಬಾಯಿಯೂ ಸೇರಿದೆ. ಜೋರು ಚಿಮಣಿ ಹಾಕಿದರೆ ನಮ್ಮ ಇಂಗು, ಒಣಮೆಣಸಿನಕಾಯಿಯ ಘಾಟು ಸೀದಾ ಮೇಲಿನವರ ಬಚ್ಚಲಿಗೆ ಹೋಗುತ್ತದೆ. ಹಾಗಾಗಿ ಹೊರಗೆ ಬಿಡದೆ ಇದ್ದಿಲಿನ ಫಿಲ್ಟರ್‌ನಲ್ಲಿ ಸೋಸಿ ಗಾಳಿಯನ್ನು ಒಳಗೇ ಬಿಡುವ ಚಿಮಣಿ ಹಾಕಿದೆವು, ಕೊಳವೆಯ ಬಾಯಿಗೆ ಬೇರೆ ಮನೆಗಳ ಗಾಳಿ ವಾಪಸ್ ಬರದಂತೆ ತಡೆಯುವ ಮುಚ್ಚಳ ಹಾಕಿಸಿದೆವು. ಫಿಲ್ಟರನ್ನು ಆಗಾಗ ಬದಲಾಯಿಸಬೇಕು. ಕೊತ್ತಂಬರಿ, ಹಾಗಲಕಾಯಿ, ಬೆಂಡೆಕಾಯಿಗೆ ಲಿಬುಶ್ ಬಡಾವಣೆಯಲ್ಲಿ ವಿಯೆಟ್ನಾಂನವರ ಸಾಪಾ ಮಾರ್ಕೆಟ್ ಇದೆ. ಕಮ್ಯುನಿಸ್ಟ್ ಕಾಲದ ಒಪ್ಪಂದದಲ್ಲಿ ಕೆಲಸಕ್ಕೆ, ಓದಿಗೆ ಅಂತ ವಿಯೆಟ್ನಾಂನಿಂದ ಜನ ಇಲ್ಲಿಗೆ ಬಂದರು. ಇಂದು ಎಷ್ಟೋ ಪನೆಲಾಕ್ ಬೀದಿಗಳಲ್ಲಿ ತಡರಾತ್ರಿವರೆಗೆ ತೆರೆದಿರುವ ಅಂಗಡಿ ಅವರದ್ದೇ.

ಇಡೀ ಕಟ್ಟಡದ ರಿಪೇರಿ ನಾವು ಬರುವ ಮೊದಲೇ ಆಗಿತ್ತು. 2001ರಲ್ಲಿ ಸರ್ಕಾರ 'ಪನೆಲ್' ಅಂತ ಒಂದು ಯೋಜನೆ ತಂದು ಸಾಲದ ಬಡ್ಡಿಯಲ್ಲಿ ನೆರವು ಕೊಟ್ಟಿತು. 2009ರ ಹಸಿರು ಉಳಿತಾಯ ಯೋಜನೆಯ ದುಡ್ಡು ಬಂದ ದಾರಿ ಸ್ವಾರಸ್ಯದ್ದು. ಹವಾಮಾನದ ಕ್ಯೋಟೊ ಒಪ್ಪಂದದಡಿ ಚೆಕ್ ದೇಶಕ್ಕೆ ಮಿಕ್ಕಿದ್ದ, ಇಂಗಾಲ ಹೊರಬಿಡುವ ಹಕ್ಕುಗಳನ್ನು ಜಪಾನಿಗೆ ಮಾರಿ, ಆ ಹಣವನ್ನು ಮನೆಗಳ ಗೋಡೆಗೆ ಹಾಕಿದರು. ಮೊದಲು ಹಲಗೆಗಳ ನಡುವಿನ ಸಂದುಗಳನ್ನು ಸರಿ ಮಾಡುತ್ತಾರೆ. ನೀರು ಒಳಗಿಳಿದರೆ ಕಂಬಿ ತುಕ್ಕು ಹಿಡಿಯುತ್ತದೆ. ಆಮೇಲೆ ಹೊರಗೋಡೆಗೆ ಪಾಲಿಸ್ಟೈರೀನ್, ಅಂದರೆ ನಮ್ಮ ಥರ್ಮೊಕೋಲ್ ಥರದ ಹಲಗೆ ಹೊದಿಸುತ್ತಾರೆ. 22.5 ಮೀಟರ್‌ಗಿಂತ ಮೇಲೆ ಬೆಂಕಿ ಹಿಡಿಯದ ಕಲ್ಲಿನ ಉಣ್ಣೆಯ (ರಾಕ್ ವೂಲ್) ಹಲಗೆಯೇ ಆಗಬೇಕು. ಅದರ ಮೇಲೆ ಬಣ್ಣ. ಹಳದಿ, ಪಿಸ್ತಾ, ಕೇಸರಿ ಬಣ್ಣಗಳ ಮೇಲೆ ವಾಸ್ತುಶಿಲ್ಪಿಗಳಿಗೆ ಸಿಟ್ಟು. ನನಗೂ ಕೆಲವು ಕಣ್ಣಿಗೆ ಹೊಡೆಯುತ್ತವೆ. ಆದರೆ ಜನವರಿಯಲ್ಲಿ ಗೋಡೆ ಮುಟ್ಟಿದರೆ ಬೆಚ್ಚಗಿರುತ್ತದೆ, ನನಗೆ ಅದು ಮುಖ್ಯ.

ಬಿಗಿಯಾದ ಹೊಸ ಕಿಟಕಿ ಬಂದ ಮೇಲೆ ಹಳೇ ಸಂದುಗಳಲ್ಲಿ ನುಸುಳುತ್ತಿದ್ದ ಗಾಳಿ ನಿಂತಿತು. ನಮ್ಮ ಅಡುಗೆಯ ಹಬೆ, ಒಳಗೆ ಒಣಗಿಸುವ ಬಟ್ಟೆ, ಇದೆಲ್ಲ ಸೇರಿದರೆ ಮೂಲೆಗಳಲ್ಲಿ ಬೂಷ್ಟು ಗ್ಯಾರಂಟಿ. ಚಳಿ ಎಷ್ಟೇ ಇರಲಿ, ದಿನಕ್ಕೆ ನಾಲ್ಕಾರು ಸಲ ಎಲ್ಲ ಕಿಟಕಿಯನ್ನೂ ಐದು ನಿಮಿಷ ಪೂರ್ತಿ ತೆಗೆದು ಮುಚ್ಚಬೇಕು. ಇದನ್ನು ಕಲಿಸಿದ್ದು ಅಜ್ಜಿಯೇ. ನೆಲಮಾಳಿಗೆಯಲ್ಲಿ ಬಟ್ಟೆ ಒಣಗಿಸಲು ಎಲ್ಲರಿಗೂ ಸೇರಿದ ಕೋಣೆ ಇದೆ, ಮಕ್ಕಳ ಗಾಡಿ ಇಡಲು ಇನ್ನೊಂದು. ಮಳೆಗಾಲದ ಮಲೆನಾಡಲ್ಲಿ ಬೆಳೆದ ನನಗೆ ಆ ಒಣಗಿಸುವ ಕೋಣೆಯ ಬೆಲೆ ಚೆನ್ನಾಗಿ ಗೊತ್ತು.

ಇದೆಲ್ಲ ನಡೆಯುವುದು ದುರಸ್ತಿ ನಿಧಿಯಿಂದ. ನಮ್ಮ ಕಟ್ಟಡದಲ್ಲಿ ಚದರ ಮೀಟರಿಗೆ ತಿಂಗಳಿಗೆ 30 ಕ್ರೌನ್, ಅಂದರೆ ನಮ್ಮ ಪಾಲು 2,100 ಕ್ರೌನ್, ಹೆಚ್ಚುಕಮ್ಮಿ ಎಂಟೊಂಬತ್ತು ಸಾವಿರ ರೂಪಾಯಿ. ಸಂಘವೇ ಬ್ಯಾಂಕಿನಿಂದ ಸಾಲ ತೆಗೆದು ಈ ನಿಧಿಯಿಂದ ತೀರಿಸುತ್ತದೆ. ಬೆಂಗಳೂರಿನ ಹಳೇ ಅಪಾರ್ಟ್‌ಮೆಂಟ್‌ಗಳಲ್ಲಿ ಮೇಂಟೆನೆನ್ಸ್ ಐನೂರು ರೂಪಾಯಿ ಜಾಸ್ತಿ ಮಾಡಿದರೆ ಎಷ್ಟು ಜಗಳ ಅಂತ ಅಣ್ಣ ಹೇಳುತ್ತಿರುತ್ತಾನೆ. ಇಲ್ಲೂ ಜಗಳ ಇದೆ. ಪಿಂಚಣಿಯಲ್ಲಿ ಬದುಕುವವರಿಗೆ ಒಂದೊಂದು ಕ್ರೌನೂ ಭಾರ. ಆದರೂ ಲಿಫ್ಟ್ ಬದಲಾಯಿಸಲು ಎಲ್ಲರೂ ಕೈ ಎತ್ತಿದ್ದರಂತೆ. ಹಳೇ ಲಿಫ್ಟ್‌ಗೆ ಒಳಬಾಗಿಲೇ ಇರಲಿಲ್ಲ, ಕಣ್ಣೆದುರೇ ಗೋಡೆ ಜಾರುತ್ತಿತ್ತು.

ಈ ವರ್ಷದ ಸಭೆಗೆ ಬರುವುದು ಚಾವಣಿ ಮೇಲಿನ ಸೋಲಾರ್. ಒಂದೇ ಚಾವಣಿಯ ವಿದ್ಯುತ್ತನ್ನು ಮನೆಗಳು ಹಂಚಿಕೊಳ್ಳಲು ಇಲ್ಲಿನ ಕಾನೂನಿನಲ್ಲಿ ಈಗ ಅವಕಾಶವಿದೆ. ಮೇಲಿನ ಅಂತಸ್ತಿನವರಿಗೆ ಚಾವಣಿ ಸೋರೀತು ಅನ್ನುವ ಭಯ. ಕೆಳಗಿನವರಿಗೆ ಸಾಲ ಇನ್ನೂ ತೀರಿಲ್ಲ ಅನ್ನುವ ಚಿಂತೆ. ನಾವು ಪರವಾಗಿ ಕೈ ಎತ್ತುತ್ತೇವೆ. ಅಜ್ಜಿ, ಮೊದಲು ಚಾವಣಿಯ ಹೊದಿಕೆ ಬದಲಾಯಿಸಲಿ, ಆಮೇಲೆ ನೋಡೋಣ ಅನ್ನುತ್ತಿದ್ದಾರೆ. ಅವರ ಮಾತಿನಲ್ಲೂ ನ್ಯಾಯ ಇದೆ, ಎರಡಕ್ಕೂ ಒಟ್ಟಿಗೆ ಕೊಟೇಶನ್ ತರಿಸೋಣ ಅಂತ ಸಂಘಕ್ಕೆ ಬರೆದಿದ್ದೇನೆ.