ಬರೇ ಪುಸ್ತಕಾನ?

ಡಿಸೆಂಬರ್ 25ರ ಬೆಳಿಗ್ಗೆ ಏಳಕ್ಕೆ ಕೊಪ್ಪಳದಿಂದ ಅವ್ವ ಫೋನ್ ಮಾಡಿದಳು. ಅಲ್ಲಿ ಅಂಗಳಕ್ಕೆ ನೀರು ಹೊಡೆದು, ರಂಗೋಲಿ ಎಳೆದು, ಚಹಾಕ್ಕೆ ಇಟ್ಟ ಹೊತ್ತು. ನಾವಿರುವ ರೇಕ್ಯಾವಿಕ್‌ನಲ್ಲಿ ಆಗ ರಾತ್ರಿ ಒಂದೂವರೆ. ಫೋನ್ ಒಮ್ಮೆ ಹೊಡೆದುಕೊಂಡ ಕೂಡಲೇ ಎತ್ತಿಕೊಂಡೆ. ಅವ್ವಳಿಗೆ ಗಾಬರಿ.

"ಇನ್ನೂ ಮಲಗಿಲ್ಲೇನವಾ? ಹುಷಾರದಿಯಿಲ್ಲೋ?"

"ಓದಕೋಂತ ಕುಂತೀನಿ ಯವ್ವಾ. ಇವತ್ತು ಇಲ್ಲೆ ಹಬ್ಬ. ಎಲ್ಲಾರೂ ಓದಾಕ ಹತ್ಯಾರ."

"ಹಬ್ಬಕ್ಕ ಏನ್ ಕೊಟ್ರು ನಿನಗ?"

"ಪುಸ್ತಕ."

ಆ ಕಡೆ ಒಂದು ಗಳಿಗೆ ಮಾತಿಲ್ಲ. ಆಮೇಲೆ, "ಬರೇ ಪುಸ್ತಕಾನ?" ಅಂದಳು.

ಇದು ಆರು ವರ್ಷದ ಹಿಂದಿನ ಮಾತು. ಐಸ್‌ಲ್ಯಾಂಡಿನಲ್ಲಿ ನಮ್ಮ ಮೊದಲ ಚಳಿಗಾಲ ಅದು. ಭೂಶಾಖದಿಂದ ವಿದ್ಯುತ್ ತಯಾರಿಸುವ ವಿದ್ಯೆ ಕಲಿಯಲು ಬಂದವಳು ನಾನು, ಇಲ್ಲೇ ಕೆಲಸಕ್ಕೆ ನಿಂತೆ. ಮಗಳಿಗೆ ಆಗ ಒಂದು ವರ್ಷ.

ಅವ್ವನ ಪ್ರಶ್ನೆಯಲ್ಲಿ ತಾತ್ಸಾರ ಇರಲಿಲ್ಲ. ನಮ್ಮ ಕಡೆ ಹಬ್ಬಕ್ಕೂ ಕಾರ್ಯಕ್ಕೂ ಕೊಡುವ ವಸ್ತುಗಳಿಗೆ ಒಂದು ಲೆಕ್ಕವಿದೆ. ಕುಬಸ, ಸೀರೆ, ಧೋತರ, ಬೆಳ್ಳಿ ಬಟ್ಟಲು, ಕೈಗೂಸಿಗೆ ಉಡದಾರ. ಯಾರು ಏನು ಮುಯ್ಯಿ ಮಾಡಿದರು ಎಂದು ಬರೆದಿಟ್ಟ ವಹಿ ನಮ್ಮ ಮನೆಯ ಟ್ರಂಕಿನಲ್ಲಿ ಈಗಲೂ ಇದೆ. ಅದರಲ್ಲಿ ಹಿತ್ತಾಳೆ ಕೊಡ ಇದೆ, ಗೋಡೆ ಗಡಿಯಾರ ಇದೆ, ಪುಸ್ತಕ ಒಂದೂ ಇಲ್ಲ. ಪುಸ್ತಕವೆಂದರೆ ಜೂನ್ ತಿಂಗಳಲ್ಲಿ ಸಾಲಿಯವರು ಕೊಟ್ಟ ಪಟ್ಟಿ ಹಿಡಿದು ತರುವಂಥದ್ದು, ಪರೀಕ್ಷೆ ಮುಗಿದ ಮೇಲೆ ಮುಂದಿನ ವರ್ಷದ ಹುಡುಗನಿಗೆ ಅರ್ಧ ಬೆಲೆಗೆ ಕೊಡುವಂಥದ್ದು. ಹದಿನೆಂಟು ವರ್ಷ ಕೊಪ್ಪಳದಲ್ಲಿ ಬೆಳೆದ ನನ್ನ ಕೈಗೆ ಉಡುಗೊರೆಯಾಗಿ ಪುಸ್ತಕ ಬಂದದ್ದು ಎರಡೇ ಸಲ, ಎರಡೂ ಪ್ರಬಂಧ ಸ್ಪರ್ಧೆಯ ಬಹುಮಾನ.

ಐಸ್‌ಲ್ಯಾಂಡಿನ ಜನಸಂಖ್ಯೆ ಇನ್ನೂ ನಾಲ್ಕು ಲಕ್ಷ ಮುಟ್ಟಿಲ್ಲ. 2011ರ ಜನಗಣತಿಯಲ್ಲಿ ನಮ್ಮ ಕೊಪ್ಪಳ ಜಿಲ್ಲೆಯೊಂದರಲ್ಲೇ ಸುಮಾರು 13.9 ಲಕ್ಷ ಜನ. ಅಷ್ಟು ಸಣ್ಣ ದೇಶದಲ್ಲಿ ಸೆಪ್ಟೆಂಬರಿನಿಂದ ಡಿಸೆಂಬರಿನವರೆಗೆ ಹೊಸ ಪುಸ್ತಕಗಳು ಹೊಳೆಯಂತೆ ಬರುತ್ತವೆ. ಇವರು ಅದನ್ನು ಕರೆಯುವುದೂ ಹಾಗೇ: 'ಯೋಲಾಬೋಕಾಫ್ಲೋದ್', ಕ್ರಿಸ್‌ಮಸ್ ಹಬ್ಬದ ಪುಸ್ತಕಗಳ ಮಹಾಪೂರ. ಎರಡನೇ ಮಹಾಯುದ್ಧದ ದಿನಗಳಲ್ಲಿ ಹೊರಗಿನಿಂದ ತರಿಸುವ ಸಾಮಾನುಗಳ ಮೇಲೆ ಕಟ್ಟುನಿಟ್ಟು ಇತ್ತು. ಕಾಗದಕ್ಕೆ ಮಾತ್ರ ಅಷ್ಟು ಬಿಗಿ ಇರಲಿಲ್ಲ. ಕೈಯಲ್ಲಿ ದುಡ್ಡು ಓಡಾಡುತ್ತಿತ್ತು, ಅಂಗಡಿಯಲ್ಲಿ ಕೊಡುವಂಥ ವಸ್ತು ಇರಲಿಲ್ಲ, ಜನ ಪುಸ್ತಕ ಕೊಡತೊಡಗಿದರು. ಡೆನ್ಮಾರ್ಕಿನ ಅರಸೊತ್ತಿಗೆಯಿಂದ ಬಿಡಿಸಿಕೊಂಡು ಗಣರಾಜ್ಯವಾದ 1944ರಲ್ಲೇ ಆ ವರ್ಷದ ಹೊಸ ಪುಸ್ತಕಗಳ ಪಟ್ಟಿಯನ್ನೂ ಅಚ್ಚು ಹಾಕಿದರು. 'ಬೋಕಾತೀದಿಂದಿ' ಎಂಬ ಆ ಪಟ್ಟಿಯನ್ನು ದಶಕಗಳ ಕಾಲ ಮನೆಮನೆಗೂ ಪುಕ್ಕಟೆ ಹಂಚಿದ್ದಾರೆ. ನನಗೆ ಅದನ್ನು ಮೊದಲು ತೋರಿಸಿದವರು ಕೆಳಮನೆಯ ಅಜ್ಜಿ. ಯಾರಿಗೆ ಯಾವುದು ಎಂದು ಪೆನ್ಸಿಲಿನಲ್ಲಿ ಗುರುತು ಹಾಕುತ್ತಾ ಕೂತಿದ್ದರು, ನಮ್ಮಲ್ಲಿ ಸಂತೆಗೆ ಹೋಗುವ ಮುಂಚೆ ಚೀಟಿ ಬರೆಯುವ ಹಾಗೆ.

ಇನ್ನೊಂದು ಕಥೆ ಕೇಳಿ ನನಗೆ ಊರೇ ನೆನಪಾಯಿತು. ಇಲ್ಲಿನ ಜನಪದದಲ್ಲಿ ಒಂದು ಭಾರಿ ಬೆಕ್ಕು ಇದೆ. ಹಬ್ಬಕ್ಕೆ ಹೊಸ ಬಟ್ಟೆ ಸಿಗದವರನ್ನು ಅದು ಹಿಡಿದು ತಿನ್ನುತ್ತದಂತೆ. ದೀಪಾವಳಿಗೆ ಒಂದು ಕರ್ಚೀಫನ್ನಾದರೂ ಹೊಸದು ತಂದು ಕೈಗಿಡುತ್ತಿದ್ದ ಅಪ್ಪನಿಗೆ ಹೇಳಿದೆ. "ಹಂಗಾರ ಅವ್ರೂ ನಮ್ಮಂಥವರ" ಅಂದ.

ಹಬ್ಬ ಶುರುವಾಗುವುದು ಡಿಸೆಂಬರ್ 24ರ ಸಂಜೆ ಆರಕ್ಕೆ. ಆ ದಿನಗಳಲ್ಲಿ ಇಲ್ಲಿ ಹೊತ್ತು ಹುಟ್ಟುವುದು ಬೆಳಿಗ್ಗೆ ಹನ್ನೊಂದರ ಮೇಲೆ, ಮುಳುಗುವುದು ಮೂರೂವರೆಗೆ. ಆರಕ್ಕೆ ರೇಡಿಯೊದಲ್ಲಿ ಚರ್ಚಿನ ಗಂಟೆ ಬಾರಿಸುತ್ತದೆ, ಮನೆಮಂದಿಯೆಲ್ಲ ಊಟಕ್ಕೆ ಕೂಡುತ್ತಾರೆ. ಅಜ್ಜಿ ನಮ್ಮನ್ನೂ ಕರೆದಿದ್ದರು. ನಾನು ಶೇಂಗಾ ಹೋಳಿಗೆ ಮಾಡಿ ಒಯ್ದಿದ್ದೆ. ಊಟವಾದ ಮೇಲೆ ಒಬ್ಬೊಬ್ಬರೇ ಪೊಟ್ಟಣ ಬಿಚ್ಚಿದರು. ನನ್ನ ಪೊಟ್ಟಣದಲ್ಲಿ ದಪ್ಪಕ್ಷರದ ಒಂದು ಮಕ್ಕಳ ಚಿತ್ರಪುಸ್ತಕ. ಆಗಷ್ಟೇ ಭಾಷೆ ಕಲಿಯುತ್ತಿದ್ದೆನಲ್ಲ, ನನ್ನ ಆಗಿನ ಅಳವಿಗೆ ಸರಿಯಾಗಿ ಹುಡುಕಿ ತಂದಿದ್ದರು. ಒಳಪುಟದಲ್ಲಿ ನನ್ನ ಹೆಸರು, ವರ್ಷ, ಕೆಳಗೆ ಅವರ ಹೆಸರು.

ಹತ್ತು ಗಂಟೆಗೆ ಅಜ್ಜಿ ಎದ್ದು ನಿಂತು, "ಇನ್ನು ಮೇಲೆ ಹೋಗಿ ಓದಿ" ಅಂದರು. ನಮ್ಮಲ್ಲಾದರೆ ಹಬ್ಬದ ದಿನ ಬಂದವರನ್ನು ಏಳಗೊಡುವುದಿಲ್ಲ, ಎದ್ದರೂ ಇನ್ನೊಂದು ಕಪ್ಪು ಚಹಾ ಕುಡಿಸದೆ ಬಿಡುವುದಿಲ್ಲ. ಮೆಟ್ಟಿಲು ಹತ್ತುವಾಗ ಮನಸ್ಸು ಸಣ್ಣದಾಗಿತ್ತು. ಮೇಲೆ ಬಂದು ಕಿಟಕಿಯಿಂದ ನೋಡಿದೆ. ಹಿಮ ಬಿದ್ದ ಬೀದಿ, ಒಂದು ನರಪಿಳ್ಳೆ ಇಲ್ಲ. ಆದರೆ ಎದುರು ಸಾಲಿನ ಎಲ್ಲ ಮನೆಗಳಲ್ಲೂ ಮಂಚದ ಪಕ್ಕದ ದೀಪ ಉರಿಯುತ್ತಿತ್ತು. ಒಂದು ಕಿಟಕಿಯಲ್ಲಿ ಗೋಡೆಗೆ ಬೆನ್ನು ಕೊಟ್ಟು ಕೂತ ಹುಡುಗ, ಇನ್ನೊಂದರಲ್ಲಿ ಕನ್ನಡಕ ಹಾಕಿದ ಗಂಡ ಹೆಂಡತಿ, ಪಕ್ಕದಲ್ಲಿ ಚಾಕಲೇಟಿನ ಡಬ್ಬಿ. ಟಿವಿ ಇಲ್ಲ, ಮಾತಿಲ್ಲ. ಅಜ್ಜಿ ನಮ್ಮನ್ನು ಎಬ್ಬಿಸಿ ಕಳಿಸಿದ್ದು ಯಾಕೆ ಎಂದು ಆಗ ತಿಳಿಯಿತು. ಪುಸ್ತಕದ ಜೊತೆಗೆ ಅದನ್ನು ಓದುವ ರಾತ್ರಿಯನ್ನೂ ಕೊಟ್ಟಿದ್ದರು. ನಾನೂ ದೀಪದ ಕೆಳಗೆ ಕೂತೆ. ಮೂವತ್ತು ಪುಟದ ಮಕ್ಕಳ ಪುಸ್ತಕ, ನಿಘಂಟು ಹಿಡಿದು ಓದುವಾಗಲೇ ಅವ್ವನ ಫೋನ್ ಬಂದದ್ದು.

ಇಲ್ಲಿ ಪುಸ್ತಕ ಅಗ್ಗವಲ್ಲ. ಗಟ್ಟಿ ರಟ್ಟಿನ ಹೊಸ ಕಾದಂಬರಿಗೆ ನಮ್ಮ ಲೆಕ್ಕದಲ್ಲಿ ಐದು ಸಾವಿರ ರೂಪಾಯಿ ಆಸುಪಾಸು ಬೀಳುತ್ತದೆ. ಆದ್ದರಿಂದ ಹಬ್ಬಕ್ಕೆ ಮಾರುವ ಪುಸ್ತಕದ ಮೇಲೆ ಒಂದು ಚೀಟಿ ಅಂಟಿಸುತ್ತಾರೆ. ಒಂದೇ ಪುಸ್ತಕ ಎರಡು ಕಡೆಯಿಂದ ಬಂದರೆ ಹಬ್ಬ ಮುಗಿದ ಮೇಲೆ ಅಂಗಡಿಗೆ ಒಯ್ದು ಬದಲಿಸಿಕೊಳ್ಳಬಹುದು. ಕೊಟ್ಟವರು ಬೇಜಾರು ಮಾಡಿಕೊಳ್ಳುವುದಿಲ್ಲ. ಬಹಳ ಒಳ್ಳೆಯ ಪದ್ಧತಿ.

ಚಳಿಗಾಲದ ಓದು ಇವರಿಗೆ ಯುದ್ಧಕಾಲದಲ್ಲಿ ಬಂದದ್ದಲ್ಲ. ಮಣ್ಣು ಹುಲ್ಲುಹೆಂಟೆಯ ಮನೆಗಳ ಕಾಲದಲ್ಲಿ ಸಂಜೆಯಾದರೆ ಒಬ್ಬರು ದೀಪದ ಹತ್ತಿರ ಕೂತು ಗಟ್ಟಿಯಾಗಿ ಓದುತ್ತಿದ್ದರು. ಉಳಿದವರು ಉಣ್ಣೆ ಹಿಂಜುತ್ತ, ನೂಲುತ್ತ, ಹೆಣೆಯುತ್ತ ಕೇಳುತ್ತಿದ್ದರು. ಅದಕ್ಕೆ 'ಕ್ವೋಲ್ಡ್‌ವಾಕಾ' ಅನ್ನುತ್ತಾರೆ. ಅಕ್ಷರಶಃ ಹೇಳಿದರೆ ಸಂಜೆಯ ಜಾಗರಣೆ. ಈ ಶಬ್ದದ ಅರ್ಥ ಗೊತ್ತಾದ ದಿನ ನಾನು ನಮ್ಮ ಅಜ್ಜನನ್ನು ನೆನೆಸಿಕೊಂಡು ಬಹಳ ಹೊತ್ತು ಕೂತಿದ್ದೆ.

ನಮ್ಮ ಅಜ್ಜ ನಿಜಾಮನ ಕಾಲದವನು. ಕೊಪ್ಪಳ ಆಗ ಹೈದರಾಬಾದ್ ಸಂಸ್ಥಾನದೊಳಗೆ ಸಾಲಾರ್‌ಜಂಗರ ಜಹಗೀರು. ಅಜ್ಜ ಸಾಲಿಯಲ್ಲಿ ಕಲಿತದ್ದು ಉರ್ದು. ಕೊನೆಯ ತನಕ ಲೆಕ್ಕವನ್ನು ಉರ್ದುವಿನಲ್ಲೇ ಬರೆಯುತ್ತಿದ್ದ. ಕನ್ನಡ ಅಕ್ಷರ ಕಲಿತದ್ದು ಓಣಿಯ ಹಿರಿಯರೊಬ್ಬರ ಕಟ್ಟೆಯ ಮೇಲೆ, ಅದೂ ಶ್ರಾವಣದಲ್ಲಿ ಪುರಾಣ ಓದಬೇಕೆಂಬ ಆಸೆಗೆ. ನಾನು ಸಣ್ಣವಳಿದ್ದಾಗ ಶ್ರಾವಣ ಬಂತೆಂದರೆ ಓಣಿಯ ಗುಡಿಯಲ್ಲಿ ಪುರಾಣ ಹಚ್ಚುತ್ತಿದ್ದರು. ಅಜ್ಜ ಕೆಂಪು ಬಟ್ಟೆಯಲ್ಲಿ ಸುತ್ತಿದ ಪುಸ್ತಕ ಬಿಚ್ಚಿ, ಕಣ್ಣಿಗೊತ್ತಿಕೊಂಡು, ಷಟ್ಪದಿಯನ್ನು ರಾಗವಾಗಿ ಓದುತ್ತಿದ್ದ. ಪಕ್ಕದಲ್ಲಿ ಕೂತವರು ಅರ್ಥ ಹೇಳುತ್ತಿದ್ದರು. ಹೆಣ್ಣುಮಕ್ಕಳು ಹತ್ತಿ ಬತ್ತಿ ಹೊಸೆಯುತ್ತ, ಮೊರದಲ್ಲಿ ಕಾಳು ಹಸನು ಮಾಡುತ್ತ ಕೇಳುತ್ತಿದ್ದರು. ಪುರಾಣ ಮಂಗಲವಾಗುವ ದಿನ ಆ ಪುಸ್ತಕಕ್ಕೆ ಹೂ ಏರಿಸಿ, ಕಾಯಿ ಒಡೆದು, ಮತ್ತೆ ಕೆಂಪು ಬಟ್ಟೆಯಲ್ಲಿ ಕಟ್ಟಿ ಮಾಡದಲ್ಲಿ, ಅಂದರೆ ಗೋಡೆಯ ಗೂಡಿನಲ್ಲಿ, ಇಡುತ್ತಿದ್ದರು. ಅವರಲ್ಲಿ ಉಣ್ಣೆ, ನಮ್ಮಲ್ಲಿ ಹತ್ತಿ.

ಹಾಗಾಗಿ ಪುಸ್ತಕ ಕೊಡುವುದು ಅವರ ಪದ್ಧತಿ, ನಮ್ಮದಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಕೊಪ್ಪಳದಿಂದ ಗದಗಿನ ದಾರಿ ಹಿಡಿದರೆ ಲಕ್ಕುಂಡಿ ಸಿಗುತ್ತದೆ. ಅಲ್ಲಿ ಬಸದಿ ಕಟ್ಟಿಸಿದ ಅತ್ತಿಮಬ್ಬೆ, ಹತ್ತನೆಯ ಶತಮಾನದಲ್ಲಿ ಪೊನ್ನನ ಶಾಂತಿಪುರಾಣವನ್ನು 1000 ಪ್ರತಿ ಮಾಡಿಸಿ ದಾನ ಕೊಟ್ಟಳು. ಅಚ್ಚಿನ ಮೊಳೆ ಇರಲಿಲ್ಲ. ಒಂದೊಂದು ಪ್ರತಿಯನ್ನೂ ಲಿಪಿಕಾರರು ತಾಳೆಗರಿಯ ಮೇಲೆ ಕಂಟದಿಂದ, ಅಂದರೆ ಚೂಪಾದ ಲೋಹದ ಕಡ್ಡಿಯಿಂದ, ಕೊರೆದು ಬರೆಯಬೇಕು. ಒಂದು ಗರಿ ತಪ್ಪಿದರೆ ಆ ಗರಿಯನ್ನು ಮತ್ತೆ ಮೊದಲಿನಿಂದ. ಸಾವಿರ ಸಲ! ಜೈನರಲ್ಲಿ ಆಹಾರ, ಔಷಧ, ಅಭಯ ಇವುಗಳ ಸಾಲಿನಲ್ಲೇ ಶಾಸ್ತ್ರದಾನವೂ ಬರುತ್ತದೆ. ನೋಂಪಿ ಎಂಬ ವ್ರತ ಮುಗಿಸಿದ ಹೆಣ್ಣುಮಕ್ಕಳು ಉದ್ಯಾಪನೆಗೆ ಗ್ರಂಥ ಬರೆಯಿಸಿ ಮುನಿಗಳಿಗೆ ಒಪ್ಪಿಸುತ್ತಿದ್ದರು. ಕವಿರಾಜಮಾರ್ಗ ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಹೆಸರಿಸುವ ಊರುಗಳಲ್ಲಿ ಮಹಾಕೊಪಣನಗರ, ಅಂದರೆ ನಮ್ಮ ಕೊಪ್ಪಳ, ಒಂದು. ಈ ಊರಿನ ಮಗಳು ಹಬ್ಬಕ್ಕೆ ಪುಸ್ತಕ ಕೊಡುವುದನ್ನು ಉತ್ತರ ಧ್ರುವದ ಹತ್ತಿರ ಹೋಗಿ ಕಲಿಯಬೇಕಾಯಿತು ಎಂದು ನೆನೆದರೆ ನನಗೆ ನಿಜವಾಗಿ ಸಂಕಟವಾಗುತ್ತದೆ.

ಇವರಿಗೂ ಪುಸ್ತಕ ಕಳೆದುಕೊಂಡ ನೋವು ಗೊತ್ತು. ಇಲ್ಲಿನ ಒಂದು ದೊಡ್ಡ ಹಸ್ತಪ್ರತಿಗೆ ನೂರಕ್ಕೂ ಹೆಚ್ಚು ಕರುಗಳ ಚರ್ಮ ಬಳಸಿದ್ದಾರೆ, ಅಂದರೆ ಒಂದು ಪುಸ್ತಕವೆಂದರೆ ಒಂದು ಊರಿನ ದನದ ಹಿಂಡು. 1656ರಲ್ಲಿ ಒಬ್ಬ ಬಿಷಪ್ ಅದನ್ನು ಡೆನ್ಮಾರ್ಕಿನ ದೊರೆಗೆ ಕಾಣಿಕೆಯಾಗಿ ಕಳಿಸಿದ. ಅದು ತಿರುಗಿ ಬಂದದ್ದು 1971ರ ಏಪ್ರಿಲ್ 21ರಂದು, ಹಡಗಿನಲ್ಲಿ. ಇದಿರುಗೊಳ್ಳಲು ಸಾವಿರಾರು ಜನ ಬಂದರಿನಲ್ಲಿ ಕಾದು ನಿಂತಿದ್ದರು. ಆಗ ಹುಡುಗಿಯಾಗಿದ್ದ ಕೆಳಮನೆಯ ಅಜ್ಜಿಯೂ ಆ ಗುಂಪಿನಲ್ಲಿದ್ದರು. ಹೇಳುವಾಗ ಈಗಲೂ ಅವರ ದನಿ ತುಂಬಿಬರುತ್ತದೆ. ಗವಿಮಠದ ತೇರು ಎಳೆಯುವ ದಿನ ನಮ್ಮೂರಿನ ಜನರ ಮುಖ ಹೇಗಿರುತ್ತದೆ ಎಂದು ನಾನು ಅವರಿಗೆ ಹೇಳಿದೆ.

ನಾಲ್ಕನೆಯ ವರ್ಷ, ಮಗಳಿಗೆ ಹಬ್ಬಕ್ಕೆ ಕನ್ನಡ ಪುಸ್ತಕವನ್ನೇ ಕೊಡಬೇಕು ಎಂದು ಹಟ ಹಿಡಿದೆ. ಅಪ್ಪ ನವೆಂಬರಿನಲ್ಲಿ ರಾಜ್ಯೋತ್ಸವದ ರಿಯಾಯಿತಿ ನೋಡಿ ಏಳು ಪುಸ್ತಕ ಕೊಂಡು, ಬಿಳಿ ಬಟ್ಟೆಯಲ್ಲಿ ಹೊಲಿಸಿ, ಅರಗಿನ ಮುದ್ರೆ ಹಾಕಿಸಿ ಕಳಿಸಿದ. ಪಾರ್ಸೆಲ್ ದಾರಿಯಲ್ಲಿ ಎಲ್ಲೆಲ್ಲೋ ನಿಂತು ಶಿವರಾತ್ರಿ ಮುಗಿದ ಮೇಲೆ ಬಂತು. ಡಿಸೆಂಬರಿನಲ್ಲಿ ಮಗಳಿಗೆ ಕೊಡಲು ನನ್ನ ಹತ್ತಿರ ಕನ್ನಡದ್ದು ಏನೂ ಇರಲಿಲ್ಲ, ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಪುಸ್ತಕ ಬಂದ ಮೇಲೂ ಸುಲಭವಾಗಲಿಲ್ಲ. ಮನೆಯಲ್ಲಿ ಕನ್ನಡ ಮಾತಾಡುವ ಮಗು, ಆದರೆ ಅಕ್ಷರ ಗೊತ್ತಿಲ್ಲ. ತುಂಬಾ ಸಣ್ಣ ಅಕ್ಷರದ ಪುಸ್ತಕಗಳನ್ನು ಮುಟ್ಟಲೇ ಇಲ್ಲ. ಪುಟಕ್ಕೆ ಎರಡು ಸಾಲು, ದೊಡ್ಡ ಚಿತ್ರ ಇದ್ದ ಒಂದು ಪುಸ್ತಕವನ್ನು ಮಾತ್ರ ದಿನಾ ಮಲಗುವ ಮುಂಚೆ ಓದಿಸಿಕೊಂಡಳು. ಒಂದು ದಿನ ಒಳಪುಟದಲ್ಲಿ ಅಪ್ಪ ನೀಲಿ ಶಾಯಿಯಲ್ಲಿ ಬರೆದದ್ದರ ಮೇಲೆ ಬೆರಳಿಟ್ಟು, "ಇದು ಅಜ್ಜ ಬರದದ್ದಾ? ಇದನ್ನೂ ಓದು" ಅಂದಳು. ತನ್ನ ಹೆಸರಿನ ಅಕ್ಷರಗಳನ್ನು ಅವಳು ಮೊದಲು ಕಲಿತದ್ದು ಅಜ್ಜನ ಆ ಕೈಬರಹದಿಂದ.

ಊರಿನಿಂದ ನೀವು ಆಗಾಗ ಕೇಳುತ್ತೀರಿ, ಮೊಮ್ಮಕ್ಕಳಿಗೆ ಏನು ಕಳಿಸೋಣ ಎಂದು. ಇದನ್ನೇ ಕಳಿಸಿ. ಹೊಸ ಅಂಗಿ ಒಂದು ವರ್ಷದಲ್ಲಿ ಗಿಡ್ಡವಾಗುತ್ತದೆ. ಮಕ್ಕಳ ಪುಸ್ತಕಗಳು ನಮ್ಮಲ್ಲಿ ಈಗಲೂ ಅಗ್ಗ, ನ್ಯಾಷನಲ್ ಬುಕ್ ಟ್ರಸ್ಟ್ ತರುವ ಕನ್ನಡ ಪುಸ್ತಕಗಳ ಬೆಲೆ ನೋಡಿದರೆ ಇಲ್ಲಿಯವರು ನಂಬುವುದಿಲ್ಲ. ಮಗುವಿನ ವಯಸ್ಸಿಗಿಂತ ಎರಡು ವರ್ಷ ಕೆಳಗಿನದನ್ನು ಆರಿಸಿ, ಡಿಸೆಂಬರಿಗೆ ತಲುಪಬೇಕಾದರೆ ದಸರೆಗೇ ಕಳಿಸಿ. ಒಳಪುಟದಲ್ಲಿ ನಿಮ್ಮ ಕೈಯಿಂದ ಬರೆಯುವುದನ್ನು ಮರೆಯಬೇಡಿ. ಆಮೇಲೆ ಒಂದು ದಿನ ಫೋನಿನಲ್ಲಿ ಕೂತು ನೀವೇ ಓದಿ ಹೇಳಿ. ನಮ್ಮ ಮನೆಯಲ್ಲಿ ಪ್ರತಿ ರವಿವಾರ ಅಪ್ಪ ಕೊಪ್ಪಳದಲ್ಲಿ ಒಂದು ಪ್ರತಿ ಹಿಡಿದು ಓದುತ್ತಾನೆ, ಮಗಳು ಇಲ್ಲಿ ಇನ್ನೊಂದು ಪ್ರತಿಯಲ್ಲಿ ಬೆರಳಿಟ್ಟು ಹಿಂಬಾಲಿಸುತ್ತಾಳೆ.

ಈ ಜನವರಿಯಲ್ಲಿ ಗವಿಸಿದ್ಧೇಶ್ವರ ಜಾತ್ರೆಗೆ ಊರಿಗೆ ಬಂದಿದ್ದೆವು. ಮಗಳು ದಾಸೋಹದಲ್ಲಿ ಜೋಳದ ರೊಟ್ಟಿ ಉಂಡಳು, ಮಿರ್ಚಿ ತಿಂದು ಕಣ್ಣೀರು ಹಾಕಿದಳು, ಜಾತ್ರೆಯ ಅಂಗಡಿಸಾಲಿನಲ್ಲಿ ಕಿನ್ನಾಳದ ಗೊಂಬೆಗಳ ಮುಂದೆ ಅರ್ಧ ತಾಸು ನಿಂತಳು.

ಹೊರಡುವ ದಿನ ಅವ್ವ ಪಡಸಾಲೆಯಲ್ಲಿ ಮಣೆ ಹಾಕಿ ನನ್ನ ಉಡಿ ತುಂಬಿದಳು. ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನ ಕೊಂಬು, ಉತ್ತತ್ತಿ, ಎಲೆ ಅಡಿಕೆ, ಹಸಿರು ಕುಬಸ. ಆಮೇಲೆ ಸೆರಗಿನ ಮರೆಯಿಂದ ಕೆಂಪು ಬಟ್ಟೆಯ ಗಂಟು ತೆಗೆದು ಎಲ್ಲದರ ಮೇಲಿಟ್ಟಳು. ಬಿಚ್ಚಿ ನೋಡುವುದೇ ಬೇಕಿರಲಿಲ್ಲ, ದೀಪದೆಣ್ಣೆಯ ವಾಸನೆಯಿಂದಲೇ ಗೊತ್ತಾಯಿತು, ಅಜ್ಜನ ಪುರಾಣದ ಪುಸ್ತಕ.

"ಇದು ಇಲ್ಲೇ ಇರಲಿ ಯವ್ವಾ," ಅಂದೆ. "ಮಾಡದಾಗ ಇರೂದು ಇದು."

"ಮಾಡದಾಗ ಇದ್ದು ಯಾರು ಓದ್ತಾರ? ನೀ ಒಯ್ಯಿ. ಅಕಿ ದೊಡ್ಡಾಕಿ ಆಗಿ ಓದಲಿ."

ಪೆಟ್ಟಿಗೆ ತೂಗಿದರೆ 25 ಕಿಲೋ, ಒಯ್ಯಬಹುದಾದದ್ದು 23. ನಾನು ಚಪ್ಪಲಿ ತೆಗೆಯಲೋ ಸ್ವೆಟರ್ ತೆಗೆಯಲೋ ಎಂದು ನೋಡುತ್ತಿರುವಾಗಲೇ ಅವ್ವ ಪಕ್ಕದಲ್ಲಿ ಕುಕ್ಕುರಗಾಲಲ್ಲಿ ಕೂತು, ತಾನೇ ಬೀಸಿಸಿ, ಸಾಣಿಸಿ, ಎರಡು ಪದರ ಕಟ್ಟಿದ್ದ ಜೋಳದ ಹಿಟ್ಟಿನ ಚೀಲವನ್ನು ಹೊರಗೆಳೆದಳು.

"ಹಿಟ್ಟು ಮುಂದಿನ ಸಲ ಒಯ್ದೀಯಂತ," ಅಂದು ಆ ಜಾಗದಲ್ಲಿ ಪುಸ್ತಕ ಇಟ್ಟು, ಸುತ್ತ ನನ್ನ ಸ್ವೆಟರ್ ತುರುಕಿ, ಝಿಪ್ ಎಳೆದಳು.