ಆಪ್ಷನಲ್ ಯಾವುದು ತಗೊಳ್ಳಲಿ ಮೇಡಂ?

ಲಾ ಓದುವ ಮಕ್ಕಳು ನನ್ನನ್ನು ಜಾಸ್ತಿ ಕೇಳುವುದು ಇದನ್ನೇ. ಆಪ್ಷನಲ್ ಅಂದರೆ ಕಡ್ಡಾಯ ಅಲ್ಲದ, ಆರಿಸಿಕೊಂಡು ಓದುವ ಐಚ್ಛಿಕ ಪತ್ರಿಕೆ. ತುಮಕೂರಿನ ಕೋರ್ಟ್ ಆವರಣದಲ್ಲಿ ಕೇಳುತ್ತಾರೆ, ಇಂಟರ್ನ್‌ಶಿಪ್‌ಗೆ ಆಫೀಸಿಗೆ ಬಂದಾಗ ಕೇಳುತ್ತಾರೆ. ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗ ಅವರ ಅಪ್ಪ ಅಮ್ಮನೂ ಕೇಳುತ್ತಾರೆ. "ಮುಂದಿನ ಸೆಮ್‌ಗೆ ಆಪ್ಷನಲ್ ಆರಿಸಬೇಕಂತೆ, ಯಾವುದು ಒಳ್ಳೇದು ಮೇಡಂ?" ಒಬ್ಬೊಬ್ಬರಿಗೂ ಅರ್ಧರ್ಧ ಉತ್ತರ ಕೊಟ್ಟು ಸಾಕಾಗಿದೆ. ಪೂರ್ತಿ ಉತ್ತರ ಬರೆದುಬಿಡುತ್ತೇನೆ.

ಅವಸರದಲ್ಲಿ ಇರುವವರಿಗೆ ಮೊದಲೇ ಹೇಳುತ್ತೇನೆ. ಪಾಸಾದ ಮೇಲೆ ನೀವು ಎಲ್ಲಿ ಕೂತು ಕೆಲಸ ಮಾಡುತ್ತೀರೋ, ಅಲ್ಲಿನ ಫೈಲುಗಳಲ್ಲಿ ಏನಿದೆಯೋ ಅದನ್ನು ತಗೊಳ್ಳಿ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕೋರ್ಟುಗಳಲ್ಲೇ ಇರುತ್ತೇನೆ ಅನ್ನುವವರಿಗೆ ನನ್ನ ಓಟು ವಿಮೆ ಕಾನೂನಿಗೆ. ಆಮೇಲೆ ಬ್ಯಾಂಕಿಂಗ್. ಮಿಕ್ಕಿದ್ದೆಲ್ಲ ಆಮೇಲೆ.

ಈ ಆಪ್ಷನಲ್ ಎಲ್ಲಿಂದ ಬಂತು ಅಂತ ಬಹಳ ಜನಕ್ಕೆ ಗೊತ್ತಿಲ್ಲ. ಭಾರತೀಯ ವಕೀಲರ ಪರಿಷತ್ತು, ಅಂದರೆ ಬಾರ್ ಕೌನ್ಸಿಲ್ ಆಫ್ ಇಂಡಿಯಾ, 2008ರಲ್ಲಿ ಕಾನೂನು ಶಿಕ್ಷಣದ ನಿಯಮಗಳನ್ನು ಮಾಡಿತು. ಕಡ್ಡಾಯ ವಿಷಯಗಳ ಜೊತೆಗೆ ಕನಿಷ್ಠ 6 ಐಚ್ಛಿಕ ಪತ್ರಿಕೆಗಳಿರಬೇಕು ಅಂತ ಅದರಲ್ಲಿದೆ. ಅದಕ್ಕೆ ಗುಂಪುಗಳನ್ನೂ ಕೊಟ್ಟಿದ್ದಾರೆ. ಸಂವಿಧಾನ, ವ್ಯಾಪಾರ ಕಾನೂನು, ಅಂತರರಾಷ್ಟ್ರೀಯ ವ್ಯಾಪಾರ, ಅಪರಾಧಶಾಸ್ತ್ರ, ಅಂತರರಾಷ್ಟ್ರೀಯ ಕಾನೂನು, ಕೃಷಿ ಕಾನೂನು, ಬೌದ್ಧಿಕ ಆಸ್ತಿ. ಇಷ್ಟರಲ್ಲಿ ಯಾವುದನ್ನು ಕಲಿಸಬೇಕು ಅಂತ ವಿಶ್ವವಿದ್ಯಾಲಯ ತೀರ್ಮಾನ ಮಾಡುತ್ತದೆ. ನಾಗರಬಾವಿಯ ರಾಷ್ಟ್ರೀಯ ಕಾನೂನು ಶಾಲೆಯಂಥ ಕಡೆ ಪಟ್ಟಿ ಉದ್ದ ಇರುತ್ತದೆ. ಹುಬ್ಬಳ್ಳಿಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿದ ನಮ್ಮ ಜಿಲ್ಲಾ ಕಾಲೇಜುಗಳ ಮಕ್ಕಳು ನನ್ನ ಹತ್ತಿರ ತರುವ ಪಟ್ಟಿ ಚಿಕ್ಕದು. ಮಾನವ ಹಕ್ಕು, ವಿಮೆ, ಬ್ಯಾಂಕಿಂಗ್, ಬೌದ್ಧಿಕ ಆಸ್ತಿ, ಪೀನಾಲಜಿ (ಶಿಕ್ಷೆ, ಜೈಲುಗಳ ಬಗೆಗಿನ ಶಾಸ್ತ್ರ), ಹೀಗೆ. ಅದರಲ್ಲೂ ಕಾಲೇಜು "ಈ ಸಲ ಎಲ್ಲರಿಗೂ ಇದೇ" ಅಂದುಬಿಟ್ಟರೆ ಆಯ್ಕೆಯೇ ಇಲ್ಲ. ಪಾಠ ಮಾಡುವವರು ಒಬ್ಬರೇ ಇದ್ದಾಗ ಕಾಲೇಜು ತಾನೇ ಏನು ಮಾಡೀತು?

ಹಾಗಾದರೆ ವಿಮೆ ಯಾಕೆ?

ತುಮಕೂರಿನ ಮೂಲಕವೇ ಪುಣೆ ಹೆದ್ದಾರಿ ಹಾದುಹೋಗುತ್ತದೆ. ಚಿಕ್ಕಬಳ್ಳಾಪುರಕ್ಕೆ ಹೈದರಾಬಾದ್ ರಸ್ತೆ ಇದೆ, ಕೋಲಾರಕ್ಕೆ ಚೆನ್ನೈ ರಸ್ತೆ ಇದೆ. ನಮ್ಮ ಕೋರ್ಟುಗಳ ಕಾಸ್ ಲಿಸ್ಟ್, ಅಂದರೆ ಆ ದಿನದ ಕೇಸುಗಳ ಪಟ್ಟಿ, ತೆಗೆದು ನೋಡಿ, ಎಂವಿಸಿ ಕೇಸುಗಳು, ಅಂದರೆ ವಾಹನ ಅಪಘಾತದ ಪರಿಹಾರದ ಕೇಸುಗಳು, ಸಾಲು ಸಾಲಾಗಿ ಇರುತ್ತವೆ. ಹೊಸ ವಕೀಲರ ಕೈಗೆ ಮೊದಲು ಬರುವ ಫೈಲುಗಳಲ್ಲಿ ಅದೂ ಒಂದು. ಅಪಘಾತ ಹೇಗಾಯಿತು ಅನ್ನುವುದರ ಮೇಲೆ ಜಗಳ ಇರುತ್ತದೆ, ನಿಜ. ಆದರೆ ಇನ್ಶೂರೆನ್ಸ್ ಕಂಪನಿ ಎದ್ದು ನಿಂತು ಹೇಳುವ ಮಾತೇ ಬೇರೆ. ಡ್ರೈವರ್ ಲೈಸೆನ್ಸ್ ಸರಿ ಇರಲಿಲ್ಲ. ಪ್ರೀಮಿಯಂ ಚೆಕ್ ಬೌನ್ಸ್ ಆಗಿತ್ತು. ಸರಕು ಸಾಗಿಸುವ ಗಾಡಿಯಲ್ಲಿ ಜನ ಕೂತಿದ್ದರು. ನಮ್ಮ ಹಳ್ಳಿಗಳಲ್ಲಿ ಟ್ರ್ಯಾಕ್ಟರ್ ಟ್ರೇಲರಿನಲ್ಲಿ ಕೂತು ಮದುವೆಗೆ ಹೋಗುವುದು ದೊಡ್ಡ ವಿಷಯವೇ ಅಲ್ಲ. ಆದರೆ ಕಂಪನಿಯ ವಕೀಲರಿಗೆ ಅದೇ ದೊಡ್ಡ ಅಸ್ತ್ರ.

ಬರೀ ಥರ್ಡ್ ಪಾರ್ಟಿ, ಅಂದರೆ ಹೊರಗಿನವರಿಗೆ ಆದ ಹಾನಿಗೆ ಮಾತ್ರ ಇರುವ ಆಕ್ಟ್ ಪಾಲಿಸಿಗೂ ಜನ "ಫುಲ್ ಇನ್ಶೂರೆನ್ಸ್" ಅನ್ನುವ ಪ್ಯಾಕೇಜ್ ಪಾಲಿಸಿಗೂ ಏನು ವ್ಯತ್ಯಾಸ ಅಂತ ಕೇಳಿದರೆ ಕೊನೇ ವರ್ಷದ ಎಷ್ಟೋ ಮಕ್ಕಳು ತಡವರಿಸುತ್ತಾರೆ. ಆಕ್ಟ್ ಪಾಲಿಸಿ ಇರುವ ಬೈಕಿನ ಹಿಂದೆ ಕೂತವರು ಬಿದ್ದು ಗಾಯವಾದರೆ, ಆ ಬೈಕಿನ ಇನ್ಶೂರೆನ್ಸ್ ಕಂಪನಿಯಿಂದ ಪರಿಹಾರ ಸಿಗುವುದಿಲ್ಲ. ಸುಪ್ರೀಂ ಕೋರ್ಟ್ ಇದನ್ನು 2008ರಲ್ಲೇ ಹೇಳಿದೆ. ಕ್ಲೇಮ್ ಹಾಕುವ ಮುಂಚೆಯೇ ಇದು ಗೊತ್ತಿರಬೇಕು, ಅಲ್ವಾ? ಇನ್ನೊಂದು, 2022ರ ಏಪ್ರಿಲ್ 1ರಿಂದ ಅಪಘಾತವಾದ 6 ತಿಂಗಳೊಳಗೆ ಅರ್ಜಿ ಹಾಕಬೇಕು ಅನ್ನುವ ನಿಯಮ ಜಾರಿಗೆ ಬಂದಿದೆ. ಹಳೇ ಗೈಡ್ ಓದಿದವರಿಗೆ ಇದು ಗೊತ್ತಿರುವುದಿಲ್ಲ.

ವಿಮೆ ಅಂದರೆ ರಸ್ತೆ ಮಾತ್ರ ಅಲ್ಲ. ಗಂಡ ತೀರಿಕೊಂಡ ಹೆಂಗಸು ಪಾಲಿಸಿ ಬಾಂಡ್ ಹಿಡಿದು ಬರುತ್ತಾರೆ. "ಶುಗರ್ ಇರೋದನ್ನ ಹೇಳಿಲ್ಲ ಅಂತ ದುಡ್ಡು ಕೊಡಲ್ಲ ಅಂತಿದ್ದಾರೆ" ಅನ್ನುತ್ತಾರೆ. 1938ರ ವಿಮಾ ಕಾಯ್ದೆಯ 45ನೇ ಕಲಂ ಓದಿದವರು ಮೊದಲು ನೋಡುವುದು ಪಾಲಿಸಿಯ ತಾರೀಖನ್ನು. 2015ರ ತಿದ್ದುಪಡಿಯ ನಂತರ, 3 ವರ್ಷ ದಾಟಿದ ಜೀವ ವಿಮೆ ಪಾಲಿಸಿಯನ್ನು ಯಾವ ಕಾರಣ ಹೇಳಿಯೂ ಪ್ರಶ್ನಿಸುವಂತಿಲ್ಲ. ಒಂದು ಕಲಂ, ಒಂದು ಸಂಸಾರ. ಈ ಕಲಂ ಎಲ್ಲಿ ಹೇಳಿಕೊಡುತ್ತಾರೆ? ಆ ಆಪ್ಷನಲ್ ಪತ್ರಿಕೆಯಲ್ಲೇ.

ಬ್ಯಾಂಕಿಂಗ್ ಕಾನೂನಿನದೂ ಇದೇ ಕಥೆ. ಶಿಡ್ಲಘಟ್ಟದಂಥ ರೇಷ್ಮೆ ಗೂಡಿನ ಊರಿನಲ್ಲಿ, ಕೋಲಾರದಂಥ ಟೊಮೆಟೊ ಮಂಡಿಯ ಊರಿನಲ್ಲಿ ವ್ಯಾಪಾರ ಅಂದ ಮೇಲೆ ಸಾಲ, ಚೆಕ್ ಇದ್ದೇ ಇರುತ್ತವೆ. 138ರ ಕೇಸಿನಲ್ಲಿ, ಅಂದರೆ ಚೆಕ್ ಬೌನ್ಸ್ ಕೇಸಿನಲ್ಲಿ, ಲೆಕ್ಕ ಎಲ್ಲ ದಿನಗಳದ್ದೇ. ಚೆಕ್ ವಾಪಸಾದ ಸುದ್ದಿ ಬ್ಯಾಂಕಿನಿಂದ ಬಂದ 30 ದಿನದೊಳಗೆ ನೋಟಿಸು. ನೋಟಿಸು ಮುಟ್ಟಿದ ಮೇಲೆ ದುಡ್ಡು ಕಟ್ಟಲು 15 ದಿನ. ಅದು ಮುಗಿದ ಮೇಲೆ ಒಂದು ತಿಂಗಳೊಳಗೆ ದೂರು. ಇದರ ಪಕ್ಕದಲ್ಲೇ ಸರ್ಫೇಸಿ ಕಾಯ್ದೆ ಇದೆ, 2002ರದು. ಸಾಲ ಕಟ್ಟದವರ ಆಸ್ತಿಯನ್ನು ಬ್ಯಾಂಕು ಕೋರ್ಟಿಗೆ ಹೋಗದೆಯೇ ವಶಕ್ಕೆ ತಗೊಳ್ಳುವ ದಾರಿ ಅದು. ಆದರೆ ಕೃಷಿ ಜಮೀನಿಗೆ ಆ ಕಾಯ್ದೆ ಅನ್ವಯಿಸುವುದಿಲ್ಲ, 31ನೇ ಕಲಂ ನೋಡಿ. ಮೂರು ಜಿಲ್ಲೆಯ ರೈತರಿಗೂ ಬೇಕಾದ ಮಾತು ಇದು. ನೋಟಿಸು ಕಂಡ ಕೂಡಲೇ ಹೆದರಿ, ತೋಟ ಮಾರಲು ಹೊರಟವರಿಗೆ ಸಕಾಲಕ್ಕೆ ಹೇಳುವವರು ಬೇಕಲ್ಲ.

ಬೌದ್ಧಿಕ ಆಸ್ತಿಯ ಬಗ್ಗೆ ಮಕ್ಕಳಿಗೆ ತುಂಬಾ ಮೋಹ. ಹೆಸರಲ್ಲೇ ಏನೋ ಬೆಂಗಳೂರಿನ ಗಾಜಿನ ಕಟ್ಟಡ ಕಾಣುತ್ತದೆ. ತಗೊಳ್ಳಬೇಡಿ ಅನ್ನುವುದಿಲ್ಲ. ಆದರೆ ಒಂದು ತಿಳಿದಿರಲಿ: ಪೇಟೆಂಟ್ ಏಜೆಂಟ್ ಆಗಬೇಕಾದರೆ ವಿಜ್ಞಾನ, ಎಂಜಿನಿಯರಿಂಗ್ ಅಥವಾ ತಂತ್ರಜ್ಞಾನದ ಪದವಿ ಬೇಕು. ಬಿಎ ಎಲ್‌ಎಲ್‌ಬಿ ಮಾಡಿದವರಿಗೆ ಆ ಬಾಗಿಲು ಮುಚ್ಚಿದೆ. ಟ್ರೇಡ್‌ಮಾರ್ಕ್ ಬಾಗಿಲು ತೆರೆದಿದೆ. ಅಗರಬತ್ತಿ, ಕಾಫಿಪುಡಿ, ಎಣ್ಣೆ ಗಾಣದವರೂ ಈಗ ಹೆಸರು ನೋಂದಣಿ ಮಾಡಿಸುತ್ತಾರೆ. ಹೆಸರು ಕದ್ದರೆ ಹಾಕುವ ದಾವೆ ಜಿಲ್ಲಾ ನ್ಯಾಯಾಲಯದಲ್ಲೇ ಶುರುವಾಗಬೇಕು, ಕೆಳಗಿನ ಕೋರ್ಟಿನಲ್ಲಿ ಅಲ್ಲ. ಹಾಗಾಗಿ ಬಿಎಸ್ಸಿ ಮಾಡಿ ಮೂರು ವರ್ಷದ ಲಾ ಓದುತ್ತಿರುವವರು ಧೈರ್ಯವಾಗಿ ತಗೊಳ್ಳಿ. ಉಳಿದವರು ಯೋಚನೆ ಮಾಡಿ.

ಪೀನಾಲಜಿ, ಮಾನವ ಹಕ್ಕು? ಓದಲು ಚೆನ್ನಾಗಿವೆ. ಕ್ರಿಮಿನಲ್ ಕಡೆ ಹೋಗುವವರಿಗೆ ಜಾಮೀನು ವಾದದಲ್ಲಿ ಕೆಲಸಕ್ಕೆ ಬರುತ್ತವೆ. "ಅದು ಸ್ಕೋರಿಂಗ್ ಸಬ್ಜೆಕ್ಟ್" ಅನ್ನುವ ಒಂದೇ ಕಾರಣಕ್ಕೆ ತಗೊಳ್ಳುವುದು ನನಗೆ ಇಷ್ಟವಿಲ್ಲ.

ನನಗೆ ಹೊಟ್ಟೆ ಉರಿಯುವುದು ಕೃಷಿ ಗುಂಪಿನ ವಿಷಯಕ್ಕೆ. ಪರಿಷತ್ತಿನ ಪಟ್ಟಿಯಲ್ಲಿ ಅದು ಸ್ಪಷ್ಟವಾಗಿ ಇದೆ. ಭೂಮಿ ಕಾನೂನು, ಬೀಜ ಗೊಬ್ಬರ ನೀರಿನ ಕಾನೂನು, ಕೃಷಿ ಸಾಲ, ಕೃಷಿ ಮಾರುಕಟ್ಟೆ, ಸಹಕಾರ. ನಮ್ಮ ಮೂರು ಜಿಲ್ಲೆಗೆ ಅಳತೆ ಕೊಟ್ಟು ಹೊಲಿಸಿದ ಅಂಗಿಯ ಹಾಗಿದೆ. ನನ್ನ ಹತ್ತಿರ ಬಂದ ಮಕ್ಕಳಲ್ಲಿ ಒಬ್ಬರೂ ಅದನ್ನು ಓದಿದವರಲ್ಲ. ಕಳಪೆ ಬೀಜ ಕೊಟ್ಟ ಕಂಪನಿಯ ವಿರುದ್ಧ ರೈತ ಗ್ರಾಹಕರ ಆಯೋಗಕ್ಕೆ ಹೋಗಬಹುದು ಅಂತ ಸುಪ್ರೀಂ ಕೋರ್ಟ್ 2012ರಲ್ಲಿ, ರಾಷ್ಟ್ರೀಯ ಬೀಜ ನಿಗಮದ ಪ್ರಕರಣದಲ್ಲಿ ಹೇಳಿದೆ. ಟೊಮೆಟೊ ಬೆಳೆಯುವ ಜಿಲ್ಲೆಯ ವಕೀಲರಿಗೆ ಇದು ಬಾಯಿಪಾಠ ಆಗಿರಬೇಕು. ಹಾಗೇ 1978ರ ಪಿಟಿಸಿಎಲ್ ಕಾಯ್ದೆ. ಪರಿಶಿಷ್ಟರಿಗೆ ಮಂಜೂರಾದ ಜಮೀನು ಪರರ ಪಾಲಾದರೆ ವಾಪಸು ಕೊಡಿಸುವ ಕಾಯ್ದೆ ಅದು. ತಡವಾಗಿ ಬಂದಿರಿ ಅಂತ ಅರ್ಜಿ ತಳ್ಳಿಹಾಕುವುದು ಜಾಸ್ತಿಯಾದ ಮೇಲೆ, ಕಾಲಮಿತಿ ಇಲ್ಲ ಅಂತ 2023ರಲ್ಲಿ ತಿದ್ದುಪಡಿ ತಂದರು. ಎಸಿ (ಉಪವಿಭಾಗಾಧಿಕಾರಿ) ಕೋರ್ಟಿನಲ್ಲಿ ಈ ಅರ್ಜಿಗಳೂ ಪಹಣಿ, ಮ್ಯುಟೇಷನ್ (ಖಾತೆ ಬದಲಾವಣೆ) ತಕರಾರುಗಳೂ ಒಟ್ಟೊಟ್ಟಿಗೆ ನಡೆಯುತ್ತವೆ.

ಆಪ್ಷನಲ್‌ನಲ್ಲಿ ಇದು ಸಿಗದಿದ್ದರೆ ಇಂಟರ್ನ್‌ಶಿಪ್‌ನಲ್ಲಿ ಪಡೆದುಕೊಳ್ಳಿ. ಮೂರು ವರ್ಷದ ಕೋರ್ಸಿಗೆ 12 ವಾರ, ಐದು ವರ್ಷದ ಕೋರ್ಸಿಗೆ 20 ವಾರ ಇಂಟರ್ನ್‌ಶಿಪ್ ನಿಯಮದಲ್ಲೇ ಇದೆ. ಸರ್ಟಿಫಿಕೇಟಿಗೆ ಸಹಿ ಹಾಕಿಸಿಕೊಂಡು ಹೋಗುವ ಬದಲು, ರೆವಿನ್ಯೂ ಕೇಸು ನಡೆಸುವ ಸೀನಿಯರ್ ಹತ್ತಿರ ಕೂತುಕೊಳ್ಳಿ. ಜಮೀನಿನ ಭಾಗ ಮಾರುವ ಮುಂಚೆ ಮಾಡಿಸುವ 11ಇ ನಕ್ಷೆ ಯಾವುದು, ಪೋಡಿ ಆಗದ, ಅಂದರೆ ಅಳೆದು ಬೇರೆ ಮಾಡದ ಜಮೀನಿನ ಪಹಣಿ ಹೇಗಿರುತ್ತೆ ಅಂತ ಕೈಯಲ್ಲಿ ಹಿಡಿದು ನೋಡಿ. ರಾಜ್ಯದ ಕಾಯ್ದೆಗಳು ಸಂಸದೀಯ ವ್ಯವಹಾರಗಳ ಇಲಾಖೆಯ ವೆಬ್‌ಸೈಟಿನಲ್ಲಿ ಕನ್ನಡದಲ್ಲೂ ಸಿಗುತ್ತವೆ.

ಕನ್ನಡ ಅಂದ ಮೇಲೆ ನೆನಪಾಯಿತು. ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯುವವರು ವಿಷಯ ಆರಿಸುವ ಮುಂಚೆ ಲೈಬ್ರರಿಗೆ ಹೋಗಿ, ಆ ವಿಷಯಕ್ಕೆ ಕನ್ನಡ ಪುಸ್ತಕ ಇದೆಯಾ ನೋಡಿ. ಇಂಗ್ಲಿಷ್ ಗೈಡಿನಿಂದ ಅರ್ಥವಾಗದ ವಾಕ್ಯಗಳನ್ನು ಸುಮ್ನೆ ಉರು ಹೊಡೆಯುವ ಸ್ಥಿತಿ ಬರಬಾರದು. ಹಾಗೆಯೇ ಪಾಠ ಮಾಡುವವರು ಯಾರು ಅಂತ ಸೀನಿಯರ್ ವಿದ್ಯಾರ್ಥಿಗಳನ್ನು ಕೇಳಿ. ಚೆನ್ನಾಗಿ ಪಾಠ ಮಾಡುವ ಮೇಷ್ಟ್ರು ಪೀನಾಲಜಿ ತಗೊಂಡಿದ್ದು, ವಿಮೆಗೆ ಯಾರೂ ಇಲ್ಲ ಅಂದರೆ, ಮೇಲೆ ಬರೆದದ್ದನ್ನೆಲ್ಲ ಬಿಟ್ಟು ಪೀನಾಲಜಿಯನ್ನೇ ತಗೊಳ್ಳಿ. ವಿಮೆಯನ್ನು ಆಮೇಲೆ ನನ್ನ ಆಫೀಸಿನಲ್ಲಿ ಕಲಿಯಬಹುದು.

"ಜಡ್ಜ್ ಪರೀಕ್ಷೆಗೆ ಯಾವುದು ಉಪಯೋಗ?" ಅಂತಲೂ ಕೇಳುತ್ತಾರೆ. ಹೆಚ್ಚಾಗಿ ಯಾವುದೂ ಇಲ್ಲ. ಅಲ್ಲಿ ಸಿವಿಲ್, ಕ್ರಿಮಿನಲ್ ಪ್ರಕ್ರಿಯೆ, ಸಾಕ್ಷ್ಯ, ಆಸ್ತಿ, ಕರಾರು ಕಾನೂನುಗಳದ್ದೇ ಭಾರ. ಜೊತೆಗೆ, ಸಿವಿಲ್ ಜಡ್ಜ್ ಹುದ್ದೆಗೆ 3 ವರ್ಷದ ವಕೀಲಿಕೆ ಬೇಕು ಅಂತ ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಹೇಳಿದೆ. ಅಂದರೆ ಆ ಕನಸು ಇದ್ದವರೂ ಮೊದಲು ಕರಿ ಕೋಟು ಹಾಕಿ ಫೈಲು ಹಿಡಿಯಲೇಬೇಕು. ಪದವಿಯ ನಂತರ ವಕೀಲಿಕೆಗೆ ಪಾಸಾಗಬೇಕಾದ ಎಐಬಿಇ ಪರೀಕ್ಷೆಯ 100 ಪ್ರಶ್ನೆಗಳಲ್ಲಿ ಬೌದ್ಧಿಕ ಆಸ್ತಿಗೆ 2, ಸೈಬರ್ ಕಾನೂನಿಗೆ 2. ಸಿವಿಲ್ ಪ್ರಕ್ರಿಯೆಗೆ 10, ಸಂವಿಧಾನಕ್ಕೆ 10. ಆ ಲೆಕ್ಕದಲ್ಲಿ ಆಪ್ಷನಲ್ ಆರಿಸುವುದರಲ್ಲಿ ಅರ್ಥವಿಲ್ಲ.

ಕೊನೇ ಪ್ರಶ್ನೆ ಯಾವಾಗಲೂ ಇದೇ: "ಒಂದು ಸಲ ತಗೊಂಡರೆ ಮುಂದೆ ಅದೇ ಕ್ಷೇತ್ರಕ್ಕೆ ಅಂಟಿಕೊಳ್ಳಬೇಕಾ?" ಇಲ್ಲ. ನಿಮ್ಮ ಆಪ್ಷನಲ್ ಯಾವುದಿತ್ತು ಅಂತ ನನ್ನ ಯಾವ ಕಕ್ಷಿದಾರರೂ ನನ್ನನ್ನು ಕೇಳಿಲ್ಲ. ಸೆಮ್ ಮಧ್ಯದಲ್ಲಿ ಬದಲಿಸಬಹುದಾ ಅನ್ನುವುದನ್ನು ಮಾತ್ರ, ಪರೀಕ್ಷೆ ಫಾರಂ ತುಂಬುವ ಮುಂಚೆ ಕಾಲೇಜು ಆಫೀಸಿನಲ್ಲಿ ವಿಚಾರಿಸಿ. ಪಟ್ಟಿಯೂ ನಿಯಮವೂ ಆಗಾಗ ಬದಲಾಗುತ್ತವೆ. ಅಲ್ಲಿನ ಕ್ಲರ್ಕ್‌ಗೆ ಗೊತ್ತಿರುವಷ್ಟು ನನಗೆ ಗೊತ್ತಿರುವುದಿಲ್ಲ.