ಕೀ ಎಲ್ಲಿಟ್ಟೆ ಅನ್ನುವವರಿಗೆ

ಮಿದುಳಿನ ವಿಷಯ ಮಾತಿಗೆ ಬಂದರೆ ಸಾಕು, ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: ‘ಕೀ ಎಲ್ಲಿಟ್ಟೆ ಅಂತ ನೆನಪೇ ಇರಲ್ಲ. ನನ್ನ ವರ್ಕಿಂಗ್ ಮೆಮೊರಿ ಕೈಕೊಟ್ಟಿದೆಯಾ?’

ಪಾಪ, ಅದನ್ನು ಸುಮ್ನೆ ಬೈಯಬೇಡಿ. ಬೆಳಿಗ್ಗೆ ಇಟ್ಟ ಕೀ ಸಂಜೆ ನೆನಪಾಗಬೇಕಾದರೆ ಮಿದುಳಿನ ಹಿಪೊಕ್ಯಾಂಪಸ್ ಎಂಬ ಭಾಗ ಕೆಲಸ ಮಾಡಬೇಕು. ವರ್ಕಿಂಗ್ ಮೆಮೊರಿಯದ್ದು ಸೆಕೆಂಡುಗಳ ವ್ಯವಹಾರ. ದೀಪ ಆರಿಸುತ್ತೀರಿ. ಮೇಜಿನ ಮೇಲಿನ ಲೋಟ ಕಾಣುವುದಿಲ್ಲ. ಆದರೂ ಕತ್ತಲಲ್ಲಿ ಕೈ ನೇರ ಅಲ್ಲಿಗೇ ಹೋಗುತ್ತದೆ ಅಲ್ವಾ? ಇದು ಅದರ ಕೆಲಸ. ಹಣೆಯ ಹಿಂದಿರುವ ಪ್ರಿಫ್ರಂಟಲ್ ಕಾರ್ಟೆಕ್ಸ್‌ಗೆ ಇದರಲ್ಲಿ ದೊಡ್ಡ ಪಾಲಿದೆ.

ಅದು ಹೇಗೆ ಅನ್ನುವುದಕ್ಕೆ ನನಗೆ ತುಂಬ ಇಷ್ಟವಾದ ಪ್ರಯೋಗ 1989ರದ್ದು. ಫುನಹಾಶಿ, ಬ್ರೂಸ್ ಮತ್ತು ಗೋಲ್ಡ್‌ಮನ್-ರಾಕಿಕ್ ಎಂಬ ವಿಜ್ಞಾನಿಗಳು ಮಾಡಿದ್ದು. ಕೋತಿ ಪರದೆಯ ನಡುವಿನ ಚುಕ್ಕೆಯನ್ನೇ ನೋಡುತ್ತಿರಬೇಕು. ಸುತ್ತಲಿನ 8 ಜಾಗಗಳಲ್ಲಿ ಒಂದು ಕಡೆ ಸಣ್ಣ ಗುರುತು ಮೂಡಿ ಮಾಯವಾಗುತ್ತದೆ. ಕೋತಿ ಕಣ್ಣು ಹೊರಳಿಸುವಂತಿಲ್ಲ. ಕೆಲವು ಸೆಕೆಂಡು ಕಳೆದು ನಡುವಿನ ಚುಕ್ಕೆ ಆರಿದಾಗ, ಗುರುತು ಇದ್ದ ಕಡೆಗೆ ನೋಡಬೇಕು.

ಆ ಕಾಯುವ ಹೊತ್ತಿನಲ್ಲೇ ಇರುವುದು ಮಜಾ. ಪರದೆಯಲ್ಲಿ ಗುರುತೇ ಇಲ್ಲ, ಆದರೂ ಪ್ರಿಫ್ರಂಟಲ್‌ನ ಕೆಲವು ನರಕೋಶಗಳು ಮಿಡಿಯುತ್ತಲೇ, ಅಂದರೆ ವಿದ್ಯುತ್ ಸಂಕೇತ ಹೊಮ್ಮಿಸುತ್ತಲೇ ಇದ್ದವು. ಒಂದಕ್ಕೆ ಎಡಗಡೆ ಇಷ್ಟ, ಇನ್ನೊಂದಕ್ಕೆ ಮೇಲಿನ ಮೂಲೆ. ತನ್ನ ಜಾಗದಲ್ಲಿ ಗುರುತು ಮೂಡಿದ್ದರೆ ಮಾತ್ರ ಅದರ ಮಿಡಿತ ಜಾಸ್ತಿ. ಆ ಮಿಡಿತ ನಡುವೆ ಸೋತುಹೋದಾಗ ಕೋತಿ ತಪ್ಪು ಕಡೆ ನೋಡುತ್ತಿತ್ತು.

ಒಂದೇ ಜಾಗವನ್ನು ಮೆಚ್ಚುವ ಕೋಶಗಳು ಒಂದನ್ನೊಂದು ಎಬ್ಬಿಸುತ್ತಾ ಇರುತ್ತವೆ, ತಡೆಯುವುದೇ ಕೆಲಸವಾಗಿರುವ ಇನ್ನೊಂದು ಬಗೆಯ ಕೋಶಗಳು ಬೇರೆ ಜಾಗದವುಗಳನ್ನು ಸುಮ್ಮನಿರಿಸುತ್ತವೆ ಎನ್ನುವುದು ಇದಕ್ಕಿರುವ ಮುಖ್ಯ ವಿವರಣೆ. ಚೆಂಡನ್ನು ನೆಲಕ್ಕೆ ಬೀಳಿಸದೆ ಒಬ್ಬರಿಂದೊಬ್ಬರಿಗೆ ಎಸೆಯುತ್ತಾ ಇದ್ದ ಹಾಗೆ. ಮಿಡಿತ ಒಂದೇ ಸಮನೆ ಇರುತ್ತದಾ, ಬಿಟ್ಟು ಬಿಟ್ಟು ಬರುತ್ತದಾ ಎಂದು ಸಂಶೋಧಕರು ಈಗಲೂ ಜಗಳವಾಡುತ್ತಾರೆ. ಅಂದಹಾಗೆ, ಈ ಆಟ ಪ್ರಿಫ್ರಂಟಲ್ ಒಂದರದ್ದೇ ಅಲ್ಲ. ನೆತ್ತಿಯ ಹಿಂಭಾಗದ ಪರೈಟಲ್ ಕಾರ್ಟೆಕ್ಸ್ ಕೂಡ ಜೊತೆಗಿದೆ.

ಆಟ ಕೆಡುವುದೂ ಸುಲಭ. ಇಲ್ಲಿ ಡೋಪಮೈನ್ ಎಂಬ ಮಿದುಳಿನ ರಾಸಾಯನಿಕ ಹದವಾಗಿರಬೇಕು. ಕಡಿಮೆಯಾದರೂ ಕಷ್ಟ, ಜಾಸ್ತಿಯಾದರೂ ಕಷ್ಟ. ಗಾಬರಿಯಾದಾಗ ಅದು ಹದ ಮೀರುತ್ತದೆ. ಈಗಷ್ಟೇ ಕಂಡ ವಸ್ತು ಕಣ್ಣು ತಿರುಗಿಸುವಷ್ಟರಲ್ಲಿ ತಲೆಯಿಂದ ಹಾರಿಹೋಗುವುದಕ್ಕೆ ಇದೂ ಒಂದು ಕಾರಣ.

ಇನ್ನು ನಿಮ್ಮ ಕೀ. ಇಡುವಾಗ ಗಮನ ಫೋನಿನ ಮೇಲಿತ್ತಾ? ಹಾಗಿದ್ದರೆ ಇಟ್ಟ ಜಾಗ ತಲೆಗೆ ಹೋಗಿಯೇ ಇರಲಿಕ್ಕಿಲ್ಲ.